ಹಳೆ ಕಂಪ್ಯೂಟರ್ ಡಿಸ್ಕ್‌ನಿಂದ ಹೇಗೆ ಶುರುವಾಗುತ್ತದೆ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಮನೆ, ಗೋಡೌನ್ ಚೊಕ್ಕ ಮಾಡುವಾಗ ಹಳೆ ಕಂಪ್ಯೂಟರ್‌ಗಳು ಹೊರಗೆ ಬರುತ್ತವೆ. ಕೆಲವು ಎಸ್ಟೇಟ್ ಆಫೀಸಿನ ಮೂಲೆಯಿಂದ, ಕೆಲವು ಅಟ್ಟದಿಂದ. ಜೊತೆಗೆ ಒಂದು ಡಬ್ಬಿ ಫ್ಲಾಪಿ, ಅಂದರೆ ಚಪ್ಪಟೆ ಕವಚದೊಳಗಿನ ಕಾಂತೀಯ ಡಿಸ್ಕ್, ಇರುತ್ತದೆ. ಆಮೇಲೆ ನನಗೆ ಫೋನ್ ಬರುತ್ತದೆ. ಮಡಿಕೇರಿಯವರಿರಲಿ, ಗೋಣಿಕೊಪ್ಪದವರಿರಲಿ, ಸೋಮವಾರಪೇಟೆಯವರಿರಲಿ, ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಯಂತ್ರಗಳು ಒಂದೇ ಸಲಕ್ಕೆ ಎಚ್ಚರವಾಗುವುದಿಲ್ಲ. ಒಂದು ಚಿಕ್ಕ ಪ್ರೋಗ್ರಾಂ ಇನ್ನೊಂದನ್ನು ತರುತ್ತದೆ, ಅದು ಮುಂದಿನದನ್ನು ತರುತ್ತದೆ. ಎಲ್ಲಿಯವರೆಗೆ ಬಂದು ನಿಂತಿತು ಅಂತ ಗೊತ್ತಾದರೆ ಏನು ಕೆಟ್ಟಿದೆ ಅನ್ನುವುದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಕೆಳಗಿನ ಉತ್ತರಗಳನ್ನೆಲ್ಲ ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅಜ್ಜನ ಕಾಲದ ಕಂಪ್ಯೂಟರ್ ಅಟ್ಟದಲ್ಲಿ ಸಿಕ್ಕಿತು. ಈಗಲೇ ಆನ್ ಮಾಡಿ ನೋಡಬಹುದಾ?

ದಯವಿಟ್ಟು ಬೇಡ. ನಮ್ಮಲ್ಲಿ ವರ್ಷದ ನಾಲ್ಕೈದು ತಿಂಗಳು ಗೋಡೆಯೇ ಬೆವರುತ್ತದೆ. ಅಟ್ಟದಲ್ಲಿದ್ದ ಯಂತ್ರದ ಒಳಗೂ ಅದೇ ತೇವ ಸೇರಿರುತ್ತದೆ. ಮೊದಲು ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ಕೆಲವು ದಿನ ಇಡಿ. ಆಮೇಲೆ ಮುಚ್ಚಳ ತೆಗೆದು ಒಳಗೆ ನೋಡಿ. ಇಲಿ ಗೂಡು ಕಟ್ಟಿದೆಯಾ, ತುಕ್ಕು ಇದೆಯಾ, ಕೆಪಾಸಿಟರ್ ಉಬ್ಬಿದೆಯಾ ನೋಡಿ.

ಪವರ್ ಸಪ್ಲೈ ಮೇಲೆ ಜಾಸ್ತಿ ಗಮನ ಇರಲಿ. ಬಿಬಿಸಿ ಮೈಕ್ರೋ ಥರದ ಯಂತ್ರಗಳಲ್ಲಿ ಕರೆಂಟ್ ಒಳಗೆ ಬರುವ ಜಾಗದಲ್ಲೇ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ವರ್ಷಗಳು ಕಳೆದ ಹಾಗೆ ಅದರ ಮೈ ಬಿರುಕು ಬಿಟ್ಟು ತೇವ ಹೀರುತ್ತದೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ, ಕೆಟ್ಟ ವಾಸನೆ. ಅದನ್ನು ಮೊದಲೇ ಬದಲಿಸಿಬಿಡುವುದು ಒಳ್ಳೆಯದು. ಕಮಡೋರ್ 64 ಇದ್ದರೆ ಅದರ ಪವರ್ ಅಡಾಪ್ಟರನ್ನು ಮಲ್ಟಿಮೀಟರ್‌ನಿಂದ ಅಳೆಯದೆ ಜೋಡಿಸಬೇಡಿ. ಹಳೆಯದಾದಾಗ 5 ವೋಲ್ಟ್ ಲೈನ್ ಏರಿಬಿಟ್ಟು ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. 286, 386 ಪಿಸಿ ಆದರೆ ಬೋರ್ಡಿಗೆ ಬೆಸುಗೆ ಹಾಕಿದ ಚಿಕ್ಕ ಬ್ಯಾಟರಿ ಇರಬಹುದು. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮೊದಲು ಅದನ್ನು ತೆಗೆಸಿ. ಕರೆಂಟ್ ಕೆಲಸದ ಅಭ್ಯಾಸ ಇಲ್ಲದವರು ಟಿವಿ, ರೇಡಿಯೋ ರಿಪೇರಿ ಬಲ್ಲವರ ಕೈಯಲ್ಲೇ ಇದನ್ನೆಲ್ಲ ಮಾಡಿಸಿ.

ಇನ್ನೊಂದು. ಮೊದಲ ಸಲ ಆನ್ ಮಾಡುವಾಗ ಡ್ರೈವಿನಲ್ಲಿ ಡಿಸ್ಕ್ ಇರಬಾರದು.

ಆಪರೇಟಿಂಗ್ ಸಿಸ್ಟಮ್ ಡಿಸ್ಕ್‌ನಲ್ಲಿದೆ. ಡಿಸ್ಕ್ ಓದಲು ಆಪರೇಟಿಂಗ್ ಸಿಸ್ಟಮ್ ಬೇಕು. ಹಾಗಾದರೆ ಮೊದಲು ಓದುವವರು ಯಾರು?

ಒಳ್ಳೆಯ ಪ್ರಶ್ನೆ. ಮಾರ್ಚ್ ತಿಂಗಳಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೆರೆಯಿಂದ ನೀರೆತ್ತುವ ಪಂಪು ಖಾಲಿ ಇದ್ದರೆ ನೀರು ಎಳೆಯುವುದಿಲ್ಲ. ಮೊದಲು ನಾವೇ ಒಂದು ಬಕೆಟ್ ನೀರು ಹೊಯ್ಯಬೇಕು. ಕಂಪ್ಯೂಟರ್‌ನಲ್ಲಿ ಆ ಬಕೆಟ್ ನೀರು ಅಂದರೆ ರಾಮ್ ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ. ಇದು ಅಳಿಸಿಹೋಗದ, ಕಾರ್ಖಾನೆಯಲ್ಲೇ ಬರೆದಿಟ್ಟ ಮೆಮೊರಿ. ಇಂಗ್ಲಿಷಿನಲ್ಲಿ ಇದು ಆರ್‌ಒಎಂ, ಕರೆಂಟ್ ಹೋದರೆ ಅಳಿಸಿಹೋಗುವುದು ಆರ್‌ಎಎಂ. ಕನ್ನಡದಲ್ಲಿ ಬರೆದಾಗ ಎರಡೂ 'ರಾಮ್' ಅಂತಲೇ ಕಾಣುವುದರಿಂದ ಮುಂದೆ ಇದನ್ನು 'ಕಾಯಂ ಮೆಮೊರಿ' ಅನ್ನುತ್ತೇನೆ. ಕರೆಂಟ್ ಹೋದರೆ ಖಾಲಿಯಾಗುವುದನ್ನು ಬರೀ 'ಮೆಮೊರಿ' ಅನ್ನುತ್ತೇನೆ.

ಪ್ರೊಸೆಸರ್‌ಗೆ ಆನ್ ಆದ ಕೂಡಲೇ ಎಲ್ಲಿ ನೋಡಬೇಕು ಅನ್ನುವುದೊಂದೇ ಗೊತ್ತಿರುತ್ತದೆ. ಝಡ್80 ಚಿಪ್ ಸೊನ್ನೆ ವಿಳಾಸದಿಂದ ಶುರು ಮಾಡುತ್ತದೆ. 6502 ಚಿಪ್ ತನ್ನ 64 ಕೆಬಿ ವಿಳಾಸಗಳ ಬಹುತೇಕ ಕೊನೆಯಲ್ಲಿರುವ ಎರಡು ಬೈಟ್ ಓದಿ, ಅಲ್ಲಿ ಬರೆದಿರುವ ಜಾಗಕ್ಕೆ ಹೋಗುತ್ತದೆ. ಐಬಿಎಂ ಪಿಸಿಯ 8088 ತನ್ನ 1 ಎಂಬಿ ವ್ಯಾಪ್ತಿಯ ಕೊನೆಯ 16 ಬೈಟ್‌ಗಳಿಗೆ ಹೋಗುತ್ತದೆ. ಆ ಜಾಗದಲ್ಲೆಲ್ಲ ಕಾಯಂ ಮೆಮೊರಿ ಇಟ್ಟಿರುತ್ತಾರೆ. ಅಲ್ಲಿರುವ ಪ್ರೋಗ್ರಾಂ ಡಿಸ್ಕಿನ ಒಂದೇ ಒಂದು ತುಣುಕನ್ನು, ಸಾಮಾನ್ಯವಾಗಿ ಮೊಟ್ಟಮೊದಲ ಸೆಕ್ಟರನ್ನು, ಮೆಮೊರಿಗೆ ತಂದು ಅದಕ್ಕೆ ಅಧಿಕಾರ ಕೊಟ್ಟುಬಿಡುತ್ತದೆ. ಆ ತುಣುಕಿಗೆ ಮಿಕ್ಕದ್ದನ್ನು ತರುವುದು ಗೊತ್ತಿರುತ್ತದೆ. ಹೀಗೆ ಹಂತಹಂತವಾಗಿ ಶುರುವಾಗುವುದಕ್ಕೇ 'ಬೂಟ್' ಅನ್ನುತ್ತಾರೆ.

ಎಲ್ಲ ಹೋಮ್ ಕಂಪ್ಯೂಟರ್‌ಗಳೂ ಹೀಗೇನಾ? ನಮ್ಮದು ಡಿಸ್ಕ್ ಇಲ್ಲದೇ ಶುರುವಾಗುತ್ತಿತ್ತು.

ನಿಮ್ಮ ನೆನಪು ಸರಿಯಾಗಿದೆ. 1980ರ ದಶಕದ ಬಹಳಷ್ಟು ಹೋಮ್ ಕಂಪ್ಯೂಟರ್‌ಗಳಲ್ಲಿ ಇಡೀ ಸಿಸ್ಟಮ್ ಕಾಯಂ ಮೆಮೊರಿಯಲ್ಲೇ ಇತ್ತು. ಝಡ್ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ 16 ಕೆಬಿ, ಕಮಡೋರ್ 64ರಲ್ಲಿ 20 ಕೆಬಿ, ಬಿಬಿಸಿ ಮೈಕ್ರೋದಲ್ಲಿ 32 ಕೆಬಿ. ಸ್ವಿಚ್ ಹಾಕಿದ ತಕ್ಷಣ ಬೇಸಿಕ್ ಅನ್ನುವ ಪ್ರೋಗ್ರಾಂ ಬರೆಯುವ ಭಾಷೆ ತಯಾರು. ಡಿಸ್ಕ್ ಡ್ರೈವ್ ಆಗ ತುಂಬಾ ದುಬಾರಿ. ಅದಿಲ್ಲದೆ ಯಂತ್ರ ಏಳುವುದೇ ಇಲ್ಲ ಅಂದರೆ ಯಾರು ಕೊಳ್ಳುತ್ತಿದ್ದರು?

ಆಪಲ್ 2ರದ್ದು ಮಧ್ಯದ ದಾರಿ. ಬೇಸಿಕ್ ಯಂತ್ರದಲ್ಲಿ, ಡಿಸ್ಕ್ ನೋಡಿಕೊಳ್ಳುವ ಡಾಸ್ ಡಿಸ್ಕ್‌ನಲ್ಲಿ. ಸಿಪಿ/ಎಂ ಅಥವಾ ಎಂಎಸ್-ಡಾಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬಳಸುವ ಯಂತ್ರಗಳು ಡಿಸ್ಕ್ ಇಲ್ಲದಿದ್ದರೆ ಹೆಚ್ಚೇನೂ ಮಾಡಲಾರವು.

ಶಾಲೆಯಲ್ಲಿ ನೋಡಿದ ಕಂದು-ಬಿಳಿ ಬಣ್ಣದ, ಕೆಂಪು ಕೀಗಳಿದ್ದ ಕಂಪ್ಯೂಟರ್ ಯಾವುದು? ಅದು ಡಿಸ್ಕ್‌ನಿಂದ ಹೇಗೆ ಶುರುವಾಗುತ್ತದೆ?

ಅದು ಬಿಬಿಸಿ ಮೈಕ್ರೋ ಇರಬೇಕು. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಯಂತ್ರ. 1984-85ರ ಹೊತ್ತಿಗೆ ನಮ್ಮ ದೇಶದಲ್ಲಿ ಕ್ಲಾಸ್ ಅನ್ನುವ ಶಾಲಾ ಕಂಪ್ಯೂಟರ್ ಯೋಜನೆ ಶುರುವಾದಾಗ ಇದನ್ನೇ ಆರಿಸಿಕೊಂಡರು. ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದನ್ನು ಎಸ್‌ಸಿಎಲ್ ಯೂನಿಕಾರ್ನ್ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ನಮ್ಮ ತಲೆಮಾರಿನ ಎಷ್ಟೋ ಜನ ಮೊದಲು ಮುಟ್ಟಿದ ಕಂಪ್ಯೂಟರ್ ಅದು. ಅದಕ್ಕೇ ಈ ಯಂತ್ರದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆನ್ ಮಾಡಿದಾಗ ಮೊದಲು ಒಂದು ದಪ್ಪ ಸದ್ದು, ಹಿಂದೆಯೇ ಒಂದು ಚಿಕ್ಕ 'ಬೀಪ್' ಕೇಳಬೇಕು. ಕರೆಂಟ್ ಬಂದ ಕೂಡಲೇ ಸೌಂಡ್ ಚಿಪ್ ತಾನಾಗಿಯೇ ಕೂಗಲು ಶುರು ಮಾಡುತ್ತದೆ. ಕಾಯಂ ಮೆಮೊರಿಯಲ್ಲಿರುವ ಸಿಸ್ಟಮ್ ಎಚ್ಚರವಾಗಿ ಅದನ್ನು ಸುಮ್ಮನಿರಿಸಬೇಕು. ದಪ್ಪ ಸದ್ದು ನಿಲ್ಲದೆ ಹಾಗೇ ಇದ್ದರೆ ಸಿಸ್ಟಮ್ ಎದ್ದೇ ಇಲ್ಲ ಅಂತ ಅರ್ಥ. ಡಿಸ್ಕ್ ಬಗ್ಗೆ ಯೋಚಿಸುವ ಹಂತಕ್ಕೇ ಯಂತ್ರ ಬಂದಿಲ್ಲ. ಆಗ ಫ್ಲಾಪಿ ಬದಲಿಸುತ್ತಾ ಕೂತರೆ ಏನೂ ಪ್ರಯೋಜನವಿಲ್ಲ.

ಸದ್ದು ಸರಿ ಇದ್ದು, ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಬಂತು ಅಂದುಕೊಳ್ಳಿ. ಅದರ ಕೆಳಗೆ 'ಏಕಾರ್ನ್ ಡಿಎಫ್‌ಎಸ್' ಅನ್ನುವ ಸಾಲು ಇದೆಯಾ ನೋಡಿ. ಡಿಎಫ್‌ಎಸ್ ಅಂದರೆ ಡಿಸ್ಕ್ ಓದುವ ಪ್ರೋಗ್ರಾಂ. ಅದೂ ಒಂದು ಕಾಯಂ ಮೆಮೊರಿ ಚಿಪ್‌ನಲ್ಲಿರುತ್ತದೆ. ಮಾಡೆಲ್ ಬಿ ಯಂತ್ರಕ್ಕೆ ಡಿಸ್ಕ್ ಕಂಟ್ರೋಲರ್ ಬೇರೆ ಹಾಕಿಸಬೇಕಿತ್ತು. ಆ ಸಾಲು ಇಲ್ಲದಿದ್ದರೆ ಡ್ರೈವ್ ಜೋಡಿಸಿದರೂ ಕೆಲಸ ಮಾಡುವುದಿಲ್ಲ.

ಈಗ ಡಿಸ್ಕ್ ಹಾಕಿ. ಶಿಫ್ಟ್ ಒತ್ತಿ ಹಿಡಿದು, ಬ್ರೇಕ್ ಕೀ ಒಮ್ಮೆ ಒತ್ತಿ ಬಿಡಿ. ಆಮೇಲೆ ಶಿಫ್ಟ್ ಬಿಡಿ. ಯಂತ್ರ ಡಿಸ್ಕಿನ ಮೊದಲ ಎರಡು ಸೆಕ್ಟರ್ ಓದುತ್ತದೆ. ಡಿಸ್ಕಿನ ಪೂರ್ತಿ ಪಟ್ಟಿ ಇರುವುದು ಅಲ್ಲೇ, ಹೆಚ್ಚೆಂದರೆ 31 ಫೈಲ್. ಜೊತೆಗೆ ಅಲ್ಲಿ 0ಯಿಂದ 3ರವರೆಗಿನ ಒಂದು ಅಂಕಿ ಇರುತ್ತದೆ. 0 ಆದರೆ ಏನೂ ಮಾಡಬೇಡ. 1 ಆದರೆ !ಬೂಟ್ ಅನ್ನುವ ಫೈಲನ್ನು ಮೆಮೊರಿಗೆ ತಂದಿಡು. 2 ಆದರೆ ತಂದು ಓಡಿಸು. 3 ಆದರೆ ಅದರಲ್ಲಿರುವುದನ್ನು ಕೀಬೋರ್ಡ್‌ನಲ್ಲಿ ಯಾರೋ ಟೈಪ್ ಮಾಡುತ್ತಿದ್ದಾರೆ ಅನ್ನುವ ಹಾಗೆ ಸಾಲುಸಾಲಾಗಿ ತೆಗೆದುಕೋ.

ಆ ಮೂರನೆಯದು ನನಗೆ ತುಂಬಾ ಇಷ್ಟ. 'ಸ್ಟಾರ್ ಬಿಲ್ಡ್ !ಬೂಟ್' ಅಂತ ಟೈಪ್ ಮಾಡಿ. ಬೇಕಾದ ಸಾಲುಗಳನ್ನು ಬರೆದು ಎಸ್ಕೇಪ್ ಒತ್ತಿ. ಆಮೇಲೆ 'ಸ್ಟಾರ್ ಆಪ್ಟ್ 4,3' ಅಂತ ಕೊಡಿ. ಅಷ್ಟೇ, ನಿಮ್ಮದೇ ಬೂಟ್ ಡಿಸ್ಕ್ ತಯಾರು. ಹತ್ತು ವರ್ಷದ ಮಗುವೂ ಮಾಡಬಹುದು. ಮಾಡುತ್ತಲೇ ಬೂಟ್ ಅಂದರೇನು ಅಂತ ಕಲಿಯುತ್ತದೆ.

ಆ !ಬೂಟ್ ಫೈಲಿನಿಂದ ಕನ್ನಡ ಅಕ್ಷರ ತರಿಸಬಹುದಾ?

ತರಿಸಬಹುದು, ಮಿತಿಯೊಳಗೆ. ಬಿಬಿಸಿ ಮೈಕ್ರೋದಲ್ಲಿ 'ವಿಡಿಯು 23' ಅನ್ನುವ ಆದೇಶದಿಂದ 224ರಿಂದ 255ರವರೆಗಿನ ಸಂಖ್ಯೆಗಳಿಗೆ ನಮ್ಮದೇ ಆಕಾರ ಕೊಡಬಹುದು. ಒಂದು ಅಕ್ಷರಕ್ಕೆ 8 ಸಾಲು, ಸಾಲಿಗೆ 8 ಚುಕ್ಕಿ. ಚೌಕ ಕಾಗದದಲ್ಲಿ 'ರ' ಬರೆದು ನೋಡಿ, ಚೆನ್ನಾಗಿಯೇ ಕೂರುತ್ತದೆ. 'ಕ್ಷ' ಬರೆಯಲು ಹೋದರೆ ಜಾಗ ಸಾಲದು. ಅಂಥದ್ದಕ್ಕೆ ಎರಡು ಚೌಕ ಪಕ್ಕಪಕ್ಕ ಬಳಸಬೇಕು. ಒತ್ತಕ್ಷರಕ್ಕೆ ಕೆಳಗಿನ ಸಾಲನ್ನೂ ಬಿಟ್ಟುಕೊಡಬೇಕು. ಈ ಆದೇಶಗಳನ್ನೆಲ್ಲ !ಬೂಟ್ ಫೈಲಿನಲ್ಲಿ ಬರೆದಿಟ್ಟರೆ ಶಿಫ್ಟ್-ಬ್ರೇಕ್ ಒತ್ತಿದ ಮೇಲೆ ಅಕ್ಷರಗಳು ತಯಾರಾಗಿರುತ್ತವೆ. ಮೋಡ್ 7ರಲ್ಲಿ ಮಾತ್ರ ಇದು ನಡೆಯುವುದಿಲ್ಲ. ಆ ಪರದೆಗೆ ಅಕ್ಷರ ಕೊಡುವುದು ಬೇರೆಯೇ ಚಿಪ್. ಯಂತ್ರ ಏಳುವುದೇ ಮೋಡ್ 7ರಲ್ಲಿ. ಹಾಗಾಗಿ !ಬೂಟ್ ಫೈಲಿನ ಮೊದಲ ಸಾಲಿನಲ್ಲೇ ಬೇರೆ ಮೋಡ್‌ಗೆ ಹೋಗಿ.

ಆಪಲ್ 2 ಆನ್ ಮಾಡಿದರೆ ಡ್ರೈವ್ 'ಟರ್ರ್' ಅಂತ ಜೋರಾಗಿ ಬಡಿದುಕೊಳ್ಳುತ್ತದೆ. ಕೆಟ್ಟಿದೆಯಾ?

ಇಲ್ಲ, ಅದು ಆರೋಗ್ಯವಾಗಿದೆ. ಸ್ಟೀವ್ ವೋಜ್ನಿಯಾಕ್ 1978ರಲ್ಲಿ ಈ ಡ್ರೈವನ್ನು ವಿನ್ಯಾಸ ಮಾಡುವಾಗ ಆದಷ್ಟು ಬಿಡಿಭಾಗ ಕಡಿಮೆ ಮಾಡಿದರು. ಡಿಸ್ಕ್ ಓದುವ ಹೆಡ್ ಸೊನ್ನೆಯ ಟ್ರ್ಯಾಕ್‌ನಲ್ಲಿದೆ, ಅಂದರೆ ಡಿಸ್ಕಿನ ಮೊದಲ ಸುತ್ತಿನಲ್ಲಿದೆ ಅಂತ ಹೇಳುವ ಸೆನ್ಸರ್ ಕೂಡ ಇಲ್ಲ. ಹಾಗಾಗಿ ಶುರುವಿನಲ್ಲಿ ಹೆಡ್ ಎಲ್ಲೇ ಇರಲಿ, ಸೊನ್ನೆಗೆ ಬಂದೇ ತೀರುವಷ್ಟು ಹೆಜ್ಜೆ ಹಿಂದಕ್ಕೆ ಎಳೆಯುತ್ತಾರೆ. ತಡೆಗೆ ಹೋಗಿ ತಾಗಿದ ಮೇಲೂ ಹೆಜ್ಜೆ ಮುಂದುವರಿಯುತ್ತದೆ. ಆ ಸದ್ದು ಅದರದ್ದು.

ಇದರ ಬೂಟ್ ಪ್ರೋಗ್ರಾಂ ಬರೀ 256 ಬೈಟ್. ಕಾರ್ಡ್ ಮೇಲಿನ ಚಿಪ್‌ನಲ್ಲಿದೆ. ಅಷ್ಟರಲ್ಲೇ ಅದು ಹೆಡ್ ಸರಿಸುತ್ತದೆ, ಡಿಸ್ಕಿನ ಸಂಕೇತ ಬಿಡಿಸುವ ಪಟ್ಟಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ಮೊದಲ ಸೆಕ್ಟರ್ ಹುಡುಕಿ 2048ನೇ ವಿಳಾಸಕ್ಕೆ ತರುತ್ತದೆ. ತಂದ ಸೆಕ್ಟರಿನ ಮೊದಲ ಬೈಟ್ ಎಷ್ಟು ಸೆಕ್ಟರ್ ತರಬೇಕು ಅಂತ ಹೇಳುತ್ತದೆ. ಕೆಲಸ ಶುರುವಾಗುವುದು 2049ರಿಂದ. ಡಾಸ್ 3.3ರಲ್ಲಿ ಈ ಸೆಕ್ಟರ್ ಮತ್ತೆ ಅದೇ ಚಿಪ್ಪಿನ ಪ್ರೋಗ್ರಾಮನ್ನೇ ಕರೆದು ಮುಂದಿನ ಸೆಕ್ಟರ್‌ಗಳನ್ನು ತರಿಸಿಕೊಳ್ಳುತ್ತದೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಬೇರೆಲ್ಲೂ ನೋಡಿಲ್ಲ.

ಡಿಸ್ಕ್ ಇಲ್ಲದಿದ್ದರೆ ಮೋಟಾರ್ ತಿರುಗುತ್ತಲೇ ಇರುತ್ತದೆ. ಹೆದರಬೇಡಿ, ಕಂಟ್ರೋಲ್ ಮತ್ತು ರೀಸೆಟ್ ಒಟ್ಟಿಗೆ ಒತ್ತಿದರೆ ಬೇಸಿಕ್ ಬರುತ್ತದೆ. ಡಿಸ್ಕ್ ಹಾಕಿ 'ಪಿಆರ್ ಹ್ಯಾಶ್ 6' ಅಂತ ಕೊಟ್ಟರೆ ಆರನೇ ಸ್ಲಾಟಿನ ಡ್ರೈವಿನಿಂದ ಮತ್ತೆ ಶುರುವಾಗುತ್ತದೆ.

ಕಮಡೋರ್ 64 ಡ್ರೈವ್ ಯಾಕೆ ಅಷ್ಟು ನಿಧಾನ?

ಕಮಡೋರ್‌ನ 1541 ಡ್ರೈವ್ ಬರೀ ಡ್ರೈವ್ ಅಲ್ಲ, ಅದೇ ಒಂದು ಕಂಪ್ಯೂಟರ್. ಅದಕ್ಕೆ ಸ್ವಂತ 6502 ಪ್ರೊಸೆಸರ್ ಇದೆ, 2 ಕೆಬಿ ಮೆಮೊರಿ ಇದೆ, 16 ಕೆಬಿ ಕಾಯಂ ಮೆಮೊರಿ ಇದೆ. ಡಿಸ್ಕಿನ ಸಿಸ್ಟಮ್ ಇರುವುದೇ ಡ್ರೈವ್ ಒಳಗೆ. ಕಂಪ್ಯೂಟರ್ 'ಈ ಫೈಲ್ ಕೊಡು' ಅನ್ನುತ್ತದೆ, ಡ್ರೈವ್ ಹುಡುಕಿ ಕಳಿಸುತ್ತದೆ.

ತೊಂದರೆ ಇರುವುದು ನಡುವಿನ ತಂತಿಯಲ್ಲಿ. ಹಿಂದಿನ ವಿಕ್-20 ಯಂತ್ರದಲ್ಲಿ ಬಿಟ್‌ಗಳನ್ನು ತಾನಾಗಿ ಸಾಗಿಸಬೇಕಿದ್ದ ಚಿಪ್‌ನಲ್ಲಿ ದೋಷ ಇತ್ತು. ಅದಕ್ಕೆ ಒಂದೊಂದೇ ಬಿಟ್ ಅನ್ನು ಪ್ರೋಗ್ರಾಂ ಮೂಲಕ ಕಳಿಸುವ ಪದ್ಧತಿ ಮಾಡಿದರು. 64ಕ್ಕೂ ಅದೇ ಮುಂದುವರಿಯಿತು. ಸೆಕೆಂಡಿಗೆ ಸುಮಾರು 400 ಬೈಟ್ ಅಷ್ಟೇ. 40 ಕೆಬಿ ಆಟ ಬರಲು ಒಂದೂವರೆ ನಿಮಿಷಕ್ಕಿಂತ ಜಾಸ್ತಿ. ಆಮೇಲೆ ಬಂದ ಫಾಸ್ಟ್ ಲೋಡರ್‌ಗಳು ಮಾಡಿದ್ದು ಇಷ್ಟೇ: ಡ್ರೈವಿನ ಆ 2 ಕೆಬಿ ಮೆಮೊರಿಗೆ ತಮ್ಮದೇ ಪ್ರೋಗ್ರಾಂ ಕಳಿಸಿ, ಎರಡೂ ಕಡೆ ಹೊಸ ಪದ್ಧತಿಯಲ್ಲಿ ಮಾತಾಡಿಸಿದವು. ಡ್ರೈವ್ ಒಂದು ಕಂಪ್ಯೂಟರ್ ಆಗಿದ್ದರಿಂದಲೇ ಇದು ಸಾಧ್ಯವಾಯಿತು.

ಫೈಲ್ ತರಿಸುವ 'ಲೋಡ್' ಆದೇಶದ ಕೊನೆಯ '8,1' ಬಗ್ಗೆ ಜನ ಕೇಳುತ್ತಾರೆ. 8 ಅಂದರೆ ಡ್ರೈವ್ ಸಂಖ್ಯೆ. 1 ಅಂದರೆ ಫೈಲಿನ ಮೊದಲ ಎರಡು ಬೈಟ್ ಯಾವ ವಿಳಾಸ ಹೇಳುತ್ತದೋ ಅಲ್ಲಿಗೇ ಹಾಕು ಅಂತ. ಹೆಸರಿನ ಜಾಗದಲ್ಲಿ ಸ್ಟಾರ್ ಕೊಟ್ಟರೆ, ಆಗಷ್ಟೇ ಆನ್ ಆದ ಡ್ರೈವ್ ಪಟ್ಟಿಯ ಮೊದಲ ಫೈಲನ್ನು ಕೊಡುತ್ತದೆ.

ಎಸ್ಟೇಟ್ ಆಫೀಸಿನ ಹಳೆ ಪಿಸಿ 'ನಾನ್ ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್' ಅನ್ನುತ್ತದೆ. ಡ್ರೈವ್ ಹೋಯಿತಾ?

ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಸಂಬಳದ ಲೆಕ್ಕ ಇಡಲು ತಂದ ಇಂಥ ಪಿಸಿಗಳೇ ನನ್ನ ಕೈಗೆ ಜಾಸ್ತಿ ಬರುವುದು. ಉತ್ತರ ಕೇಳಿದರೆ ಖುಷಿಯಾಗುತ್ತದೆ: ಡ್ರೈವ್ ಕೆಲಸ ಮಾಡುತ್ತಿದೆ. ಯಾಕೆಂದರೆ ಆ ಸಂದೇಶ ಬರೆದಿರುವುದು ಡಿಸ್ಕಿನ ಮೊದಲ ಸೆಕ್ಟರಿನಲ್ಲೇ. ಅದನ್ನು ಓದಿ ತಂದಿದ್ದರಿಂದಲೇ ಪರದೆಯ ಮೇಲೆ ಕಾಣುತ್ತಿದೆ.

ಪೂರ್ತಿ ದಾರಿ ಹೀಗಿದೆ. ಕಾಯಂ ಮೆಮೊರಿಯಲ್ಲಿರುವ ಬಯೋಸ್ ಅನ್ನುವ ಪ್ರೋಗ್ರಾಂ ಮೊದಲು ಯಂತ್ರವನ್ನು ಪರೀಕ್ಷೆ ಮಾಡುತ್ತದೆ. ಎಲ್ಲ ಸರಿ ಇದ್ದರೆ ಒಂದು 'ಬೀಪ್'. ಆಮೇಲೆ ಎ ಡ್ರೈವಿನ (ಮೊದಲ ಫ್ಲಾಪಿ ಡ್ರೈವಿನ) ಮೊದಲ ಸೆಕ್ಟರ್, 512 ಬೈಟ್, 31744ನೇ ವಿಳಾಸಕ್ಕೆ ಬರುತ್ತದೆ. ಈ ಸಂಖ್ಯೆ ಲೆಕ್ಕ ಹಾಕಿ ನೋಡಿ, 32 ಕೆಬಿಯಲ್ಲಿ 1 ಕೆಬಿ ಕಳೆದರೆ ಬರುವುದು ಇದೇ. ನಂತರದ ಪಿಸಿಗಳ ಬಯೋಸ್ ಆ ಸೆಕ್ಟರಿನ ಕೊನೆಯ ಎರಡು ಬೈಟ್ ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಗಳಲ್ಲಿ) 55 ಮತ್ತು ಎಎ ಇವೆಯಾ ಅಂತಲೂ ನೋಡುತ್ತದೆ. ಬಂದ ಸೆಕ್ಟರ್ ಡಿಸ್ಕಿನ ಪಟ್ಟಿಯಲ್ಲಿ ಐಒ.ಸಿಸ್ ಮತ್ತು ಎಂಎಸ್‌ಡಾಸ್.ಸಿಸ್ ಫೈಲ್‌ಗಳನ್ನು ಹುಡುಕುತ್ತದೆ. ಐಬಿಎಂನ ಡಾಸ್ ಆದರೆ ಐಬಿಎಂಬಯೋ.ಕಾಂ, ಐಬಿಎಂಡಾಸ್.ಕಾಂ. ಹಳೆ ಡಾಸ್‌ನಲ್ಲಿ ಇವು ಪಟ್ಟಿಯ ಮೊದಲೆರಡು ಜಾಗದಲ್ಲೇ ಇರಬೇಕು. ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗದಿರುವುದು ಅದಕ್ಕೇ. ಸಿಸ್ ಆದೇಶ ಬಳಸಿ, ಇಲ್ಲವೇ ಫಾರ್ಮ್ಯಾಟ್ ಮಾಡುವಾಗಲೇ ಸ್ಲ್ಯಾಷ್ ಎಸ್ ಕೊಡಿ. ಐಒ.ಸಿಸ್ ಎದ್ದ ಮೇಲೆ ಕಾನ್ಫಿಗ್.ಸಿಸ್ ಓದುತ್ತದೆ. ಕೊನೆಗೆ ಕಮಾಂಡ್.ಕಾಂ ಬರುತ್ತದೆ. ಅದು ಆಟೋಎಕ್ಸೆಕ್.ಬ್ಯಾಟ್‌ನಲ್ಲಿರುವುದನ್ನು ನಡೆಸಿ ನಿಮಗೆ 'ಎ' ಪ್ರಾಂಪ್ಟ್ ಕೊಡುತ್ತದೆ.

ಈಗ ಸಂದೇಶಗಳನ್ನು ಈ ದಾರಿಯ ಮೇಲೆ ಇಟ್ಟು ನೋಡಿ. 'ನಾನ್ ಸಿಸ್ಟಮ್' ಅಂದರೆ ಮೊದಲ ಸೆಕ್ಟರ್ ಬಂತು, ಐಒ.ಸಿಸ್ ಸಿಗಲಿಲ್ಲ ಅಥವಾ ಓದಲಾಗಲಿಲ್ಲ. 'ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್' ಅಂದರೆ ಅದೂ ಬಂತು, ಕಮಾಂಡ್.ಕಾಂ ಇಲ್ಲ, ಅಥವಾ ಬೇರೆ ಡಾಸ್ ಆವೃತ್ತಿಯದ್ದು ಇದೆ. 1981ರ ಮೂಲ ಐಬಿಎಂ ಪಿಸಿ ನೇರ ಬೇಸಿಕ್‌ಗೆ ಹೋಗಿಬಿಟ್ಟರೆ ಮೊದಲ ಸೆಕ್ಟರೇ ಬಂದಿಲ್ಲ. ಡ್ರೈವ್, ಕೇಬಲ್, ಡಿಸ್ಕ್ ನೋಡಬೇಕಾಗಿರುವುದು ಆಗ. 286 ಮತ್ತು ಅದರ ನಂತರದ ಪಿಸಿಗಳಲ್ಲಿ ಇನ್ನೊಂದು ಕಾರಣ ಇರುತ್ತದೆ. ಬ್ಯಾಟರಿ ಸತ್ತು ಡ್ರೈವ್ ಯಾವ ಮಾದರಿ ಅನ್ನುವುದನ್ನೇ ಯಂತ್ರ ಮರೆತಿರುತ್ತದೆ. ಸೆಟಪ್‌ಗೆ ಹೋಗಿ ಮತ್ತೆ ಹೇಳಿಕೊಡಿ.

ಸಿಪಿ/ಎಂ ಯಂತ್ರದಲ್ಲಿ ಪ್ರೋಗ್ರಾಂ ಮುಗಿಸಿದಾಗಲೆಲ್ಲ ಡ್ರೈವ್ ಮತ್ತೆ ತಿರುಗುವುದು ಯಾಕೆ?

ಗ್ಯಾರಿ ಕಿಲ್ಡಾಲ್ 1974ರಲ್ಲಿ ಮಾಡಿದ ಈ ಸಿಸ್ಟಮ್‌ನಲ್ಲಿ ಮೂರು ಭಾಗ. ಯಂತ್ರಕ್ಕೆ ತಕ್ಕಂತೆ ಬದಲಾಗುವ ಬಯೋಸ್, ಫೈಲ್ ನೋಡಿಕೊಳ್ಳುವ ಬಿಡಾಸ್, ಆದೇಶ ತೆಗೆದುಕೊಳ್ಳುವ ಸಿಸಿಪಿ. ಮೆಮೊರಿ ಕಡಿಮೆ ಇದ್ದ ಕಾಲ ಅದು. ಹಾಗಾಗಿ ಓಡುತ್ತಿರುವ ಪ್ರೋಗ್ರಾಂ ಬೇಕಿದ್ದರೆ ಸಿಸಿಪಿ ಇದ್ದ ಜಾಗವನ್ನೂ ಬಳಸಬಹುದಿತ್ತು. ಮುಗಿದ ಮೇಲೆ ಡಿಸ್ಕಿನ ಮೊದಲ ಟ್ರ್ಯಾಕ್‌ಗಳಿಂದ ಮತ್ತೆ ತಂದುಕೊಳ್ಳುತ್ತದೆ. ಎ ಡ್ರೈವಿನಲ್ಲಿ ಸಿಸ್ಟಮ್ ಇರುವ ಡಿಸ್ಕನ್ನೇ ಬಿಟ್ಟಿರಿ.

ಅಮಿಗಾ 1000 ಎರಡು ಡಿಸ್ಕ್ ಕೇಳುತ್ತದೆ. ಸರಿನಾ?

ಸರಿ. 1985ರಲ್ಲಿ ಯಂತ್ರ ಮಾರಾಟಕ್ಕೆ ಬಂದಾಗ ಅದರ ಸಿಸ್ಟಮ್‌ನ ಮೂಲ ಭಾಗವಾದ ಕಿಕ್‌ಸ್ಟಾರ್ಟ್ ಇನ್ನೂ ತಿದ್ದುಪಡಿಯಲ್ಲಿತ್ತು. ಚಿಪ್‌ಗೆ ಹಾಕುವ ಬದಲು ಡಿಸ್ಕ್‌ನಲ್ಲಿ ಕೊಟ್ಟರು. ಮೊದಲ ಡಿಸ್ಕ್‌ನಿಂದ ಅದು 256 ಕೆಬಿಯ ವಿಶೇಷ ಮೆಮೊರಿಗೆ ಹೋಗುತ್ತದೆ. ಎರಡನೆಯದು ವರ್ಕ್‌ಬೆಂಚ್, ಅಂದರೆ ನಾವು ಕೆಲಸ ಮಾಡುವ ಪರದೆ. ಅಮಿಗಾ 500ರಿಂದ ಮುಂದೆ ಮೊದಲ ಡಿಸ್ಕ್ ಬೇಕಿಲ್ಲ. ಅಟಾರಿ ಎಸ್‌ಟಿಯ ಮೊದಮೊದಲ ಯಂತ್ರಗಳೂ ಹೀಗೇ ಡಿಸ್ಕ್‌ನಿಂದ ಸಿಸ್ಟಮ್ ತರುತ್ತಿದ್ದವು.

ವಿಚಿತ್ರವಾದದ್ದು ಆಮ್‌ಸ್ಟ್ರಾಡ್ ಪಿಸಿಡಬ್ಲ್ಯೂ. ಅದರಲ್ಲಿ ಬೂಟ್‌ಗೆ ಅಂತ ಬೇರೆ ಕಾಯಂ ಮೆಮೊರಿ ಚಿಪ್ಪೇ ಇಲ್ಲ. ಪ್ರಿಂಟರ್ ನಡೆಸುವ ಚಿಪ್‌ನೊಳಗೆ 256 ಬೈಟ್‌ನ ಬೂಟ್ ಪ್ರೋಗ್ರಾಂ ಅಡಗಿಸಿಟ್ಟಿದ್ದಾರೆ.

ಹಳೆ ಫ್ಲಾಪಿಯಲ್ಲಿ ವೈರಸ್ ಇರುತ್ತದಾ?

ಇರಬಹುದು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೇನ್ ವೈರಸ್ 360 ಕೆಬಿ ಫ್ಲಾಪಿಗಳ ಮೊದಲ ಸೆಕ್ಟರಿನಲ್ಲೇ ಕೂರುತ್ತಿತ್ತು. ಮೇಲೆ ಹೇಳಿದ ದಾರಿ ನೆನಪಿದೆಯಲ್ವಾ? ಬಯೋಸ್ ಮೊದಲ ಸೆಕ್ಟರನ್ನು ಪ್ರಶ್ನೆಯೇ ಕೇಳದೆ ಓಡಿಸುತ್ತದೆ. ಬರೀ ಲೆಕ್ಕದ ಫೈಲ್ ಇರುವ ಡಿಸ್ಕನ್ನು ಮರೆತು ಡ್ರೈವಿನಲ್ಲಿ ಬಿಟ್ಟು ಆನ್ ಮಾಡಿದರೂ ಸಾಕು. 'ನಾನ್ ಸಿಸ್ಟಮ್' ಅಂತ ಬರುವ ಹೊತ್ತಿಗೆ ವೈರಸ್ ಮೆಮೊರಿಗೆ ಬಂದಾಗಿರುತ್ತದೆ. ಈಗಿನ ಲ್ಯಾಪ್‌ಟಾಪಿಗೆ ಇದರಿಂದ ಭಯವಿಲ್ಲ. ನಿಮ್ಮ ಹಳೆ ಪಿಸಿಯ ಬೇರೆ ಡಿಸ್ಕ್‌ಗಳಿಗೆ ಅಂಟದ ಹಾಗೆ ಎಲ್ಲಕ್ಕೂ ರೈಟ್ ಪ್ರೊಟೆಕ್ಟ್ ಮಾಡಿ. 5¼ ಇಂಚಿನದಾದರೆ ಪಕ್ಕದ ಕಚ್ಚು ಮುಚ್ಚಬೇಕು. 3½ ಇಂಚಿನದಾದರೆ ಕಿಂಡಿ ತೆರೆದಿರಬೇಕು. ಒಂದಕ್ಕೊಂದು ಉಲ್ಟಾ, ಗಮನವಿಟ್ಟು ಮಾಡಿ.

ಫ್ಲಾಪಿಗೆ ಬೂಷ್ಟು ಹಿಡಿದಿದೆ. ಓದಿಸಬಹುದಾ?

ಕೊಡಗಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಬರುವ ಊರಲ್ಲಿ ಫ್ಲಾಪಿಗೆ ಬರದೇ ಇರುತ್ತದಾ?

ಮೊದಲು ಡ್ರೈವಿಗೆ ಹಾಕಬೇಡಿ. ಕಿಟಕಿಯ ಹತ್ತಿರ ನಿಂತು, 5¼ ಇಂಚಿನ ಡಿಸ್ಕಿನ ಉದ್ದನೆಯ ಕಂಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವಿನ ರಂಧ್ರದ ಅಂಚನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾ ನೋಡಿ. ಚೆನ್ನಾಗಿರುವ ಡಿಸ್ಕ್ ಒಂದೇ ಸಮನೆ ಕಂದು ಬಣ್ಣದಲ್ಲಿ ಹೊಳೆಯುತ್ತದೆ. ಬೂಷ್ಟು ಇದ್ದರೆ ಬಿಳಿ ಚುಕ್ಕೆ, ಪುಕ್ಕದಂಥ ಗೆರೆ, ಅಥವಾ ಮಂಕಾದ ತೇಪೆ ಕಾಣುತ್ತದೆ. ಹೆಡ್ ಡಿಸ್ಕನ್ನು ಮುಟ್ಟಿಕೊಂಡೇ ಓದುತ್ತದೆ. ಆ ಚುಕ್ಕೆ ಹೆಡ್‌ಗೆ ಅಂಟಿ ಡಿಸ್ಕಿನ ಕಾಂತೀಯ ಪದರವನ್ನೇ ಕೆರೆದುಬಿಡುತ್ತದೆ. ಒಮ್ಮೆ ಕೆರೆದುಹೋದದ್ದು ಮತ್ತೆ ಸಿಗುವುದಿಲ್ಲ. ಅದೇ ಕೊಳಕು ಹೆಡ್ ಮುಂದಿನ ಡಿಸ್ಕನ್ನೂ ಹಾಳು ಮಾಡುತ್ತದೆ.

ತೊಳೆಯುವ ಕ್ರಮ ಹೇಳುತ್ತೇನೆ. ಮಾಸ್ಕ್ ಹಾಕಿಕೊಳ್ಳಿ. ಹೊರ ಕವಚದ ಮೇಲಿನ ಅಂಚನ್ನು ಬ್ಲೇಡಿನಿಂದ ಬಿಡಿಸಿ ಒಳಗಿನ ತಟ್ಟೆಯನ್ನು ಹೊರಗೆ ತೆಗೆಯಿರಿ. ಎಳೆ ಬಿಡದ ಮೆತ್ತನೆಯ ಬಟ್ಟೆಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ. ಮೊದಲು ನಡುವಿನ ರಂಧ್ರದ ಹತ್ತಿರ, ಮಾಹಿತಿ ಇಲ್ಲದ ಜಾಗದಲ್ಲಿ, ಒರೆಸಿ ನೋಡಿ. ಬಟ್ಟೆಗೆ ಕಂದು ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಪದರವೇ ಕಿತ್ತು ಬರುತ್ತಿದೆ. ಬಣ್ಣ ಬರದಿದ್ದರೆ ಎರಡೂ ಕಡೆ ಒತ್ತಡ ಹಾಕದೆ ಒರೆಸಿ. ಪೂರ್ತಿ ಒಣಗಲಿ. ಹಳೆ ಕವಚದ ಒಳಬಟ್ಟೆಯಲ್ಲೂ ಬೂಷ್ಟು ಇರುತ್ತದೆ. ಹಾಗಾಗಿ ಬೇಡವಾದ, ಶುಚಿಯಾದ ಇನ್ನೊಂದು ಫ್ಲಾಪಿಯ ಕವಚಕ್ಕೆ ಹಾಕಿ. ಓದುವಾಗ ಕೀಚಲು ಸದ್ದು ಬಂದರೆ ತಕ್ಷಣ ಹೊರಗೆ ತೆಗೆಯಿರಿ. ಪ್ರತಿ ಡಿಸ್ಕ್ ಆದ ಮೇಲೂ ಹೆಡ್ ಒರೆಸಿ.

ಒಲೆಯ ಹತ್ತಿರ ಒಣಗಿಸುವುದು ಬೇಡ. ಕಾಫಿ ಕಣದ ಬಿಸಿಲಿಗೂ ಹಾಕಬೇಡಿ, ಕವಚ ಸೊಟ್ಟಗಾಗುತ್ತದೆ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅದರ ಬಣ್ಣ ಬದಲಾದರೆ ಹೊಸದು ಹಾಕಿ. ಡಬ್ಬಿಯನ್ನು ಸ್ಟೆಬಿಲೈಸರ್ ಮೇಲೆ, ಸ್ಪೀಕರ್ ಪಕ್ಕ ಇಡಬೇಡಿ. ಅವುಗಳ ಕಾಂತಕ್ಷೇತ್ರ ಡಿಸ್ಕಿಗೆ ಆಗದು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಡಿಸ್ಕಿಗೆ ಅಪಾಯವಾ?

ಓದುವಾಗ ಕರೆಂಟ್ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮತ್ತೆ ಬೂಟ್ ಮಾಡಿದರಾಯಿತು. ಬರೆಯುವಾಗ ಹೋದರೆ ಆ ಫೈಲ್ ಅಥವಾ ಇಡೀ ಪಟ್ಟಿ ಕೆಡಬಹುದು. ಡಿಸ್ಕ್ ಒಳಗಿರುವಾಗ ಡ್ರೈವ್ ಆನ್-ಆಫ್ ಆದರೂ ಹೆಡ್‌ನಿಂದ ತಪ್ಪು ಗುರುತು ಬೀಳುವ ಸಾಧ್ಯತೆ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಯುಪಿಎಸ್ ಇಲ್ಲದೆ ಹಳೆ ಯಂತ್ರ ಓಡಿಸಬೇಡಿ ಅನ್ನುವುದು ನನ್ನ ಸಲಹೆ. ಕೆಲಸ ಮುಗಿದ ಕೂಡಲೇ ಮೊದಲು ಡಿಸ್ಕ್ ತೆಗೆಯಿರಿ, ಆಮೇಲೆ ಸ್ವಿಚ್ ಆಫ್ ಮಾಡಿ.

ಬೂಟ್ ಡಿಸ್ಕನ್ನು ಈಗಿನ ಕಂಪ್ಯೂಟರಿಗೆ ಕಾಪಿ ಮಾಡುವುದು ಹೇಗೆ?

ಫೈಲ್ ಕಾಪಿ ಮಾಡಿದರೆ ಸಾಲದು. ಬೂಟ್ ಸೆಕ್ಟರ್ ಯಾವ ಫೈಲಿನಲ್ಲೂ ಇರುವುದಿಲ್ಲ. ಇಡೀ ಡಿಸ್ಕಿನ ಪಡಿಯಚ್ಚು, ಅಂದರೆ ಇಮೇಜ್, ತೆಗೆಯಬೇಕು. ಯುಎಸ್‌ಬಿ ಫ್ಲಾಪಿ ಡ್ರೈವ್ ಓದುವುದು 3½ ಇಂಚಿನ ಪಿಸಿ ಡಿಸ್ಕ್‌ಗಳನ್ನು ಮಾತ್ರ. ಅಮಿಗಾ, ಆಪಲ್, ಕಮಡೋರ್ ಡಿಸ್ಕ್‌ಗಳಲ್ಲಿ ಬಿಟ್‌ಗಳನ್ನು ಬರೆದಿರುವ ರೀತಿಯೇ ಬೇರೆ. ಅದಕ್ಕೆ ಗ್ರೀಸ್‌ವೀಝಲ್ ಅನ್ನುವ ಚಿಕ್ಕ ಬೋರ್ಡ್ ಸಿಗುತ್ತದೆ. ಹಳೆ ಡ್ರೈವನ್ನು ಅದಕ್ಕೆ ಜೋಡಿಸಿದರೆ ಡಿಸ್ಕಿನ ಕಾಂತೀಯ ಏರಿಳಿತವನ್ನೇ ನೇರವಾಗಿ ದಾಖಲಿಸುತ್ತದೆ. ಯಾವ ಯಂತ್ರದ ಡಿಸ್ಕ್ ಅನ್ನುವುದನ್ನು ಆಮೇಲೆ ಸಾಫ್ಟ್‌ವೇರ್ ಬಿಡಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. 1.2 ಎಂಬಿ ಡ್ರೈವಿನಲ್ಲಿ 360 ಕೆಬಿ ಡಿಸ್ಕನ್ನು ಓದಬಹುದು, ಆದರೆ ಅದರ ಮೇಲೆ ಬರೆಯಬೇಡಿ. ಅದರ ಹೆಡ್ ಸಣ್ಣದು. ಹಳೆ ಅಗಲ ಟ್ರ್ಯಾಕಿನ ನಡುವೆ ತೆಳ್ಳಗೆ ಬರೆಯುತ್ತದೆ, ಎರಡೂ ಬದಿಯಲ್ಲಿ ಹಳೆಯದು ಉಳಿಯುತ್ತದೆ. 360 ಕೆಬಿ ಡ್ರೈವಿಗೆ ಎರಡೂ ಒಟ್ಟಿಗೆ ಕೇಳಿಸಿ ಏನೂ ಅರ್ಥವಾಗುವುದಿಲ್ಲ.

ಇಮೇಜ್ ಸಿಕ್ಕಿದ ಮೇಲೆ ಪಿಸಿ, ಅಮಿಗಾ, ಅಟಾರಿ ಎಸ್‌ಟಿ, ಬಿಬಿಸಿ ಮೈಕ್ರೋಗಳಿಗೆ ಗೋಟೆಕ್ ಅನ್ನುವ ಸಾಧನ ಹಾಕಿಕೊಳ್ಳಬಹುದು. ಯಂತ್ರಕ್ಕೆ ಅದು ಫ್ಲಾಪಿ ಡ್ರೈವ್ ಅನ್ನಿಸುತ್ತದೆ, ನಾವು ಹಾಕುವುದು ಪೆನ್‌ಡ್ರೈವ್. ಬೂಟ್ ಆಗುವ ದಾರಿ ಚೂರೂ ಬದಲಾಗುವುದಿಲ್ಲ. ನಮ್ಮ ಹವೆಗೆ ದಿನಬಳಕೆಗೆ ಇದೇ ಒಳ್ಳೆಯದು.

ಡಬ್ಬಿ ತುಂಬ ಫ್ಲಾಪಿ ಇದೆ. ಯಾವುದನ್ನು ಮೊದಲು ಉಳಿಸಿಕೊಳ್ಳಲಿ?

ಅಂಗಡಿಯಲ್ಲಿ ಕೊಂಡ ಡಾಸ್, ಆಟ, ವರ್ಡ್‌ಸ್ಟಾರ್ ಇವು ಕೊನೆಗೆ ಇರಲಿ. ಅವುಗಳ ಪ್ರತಿ ಬೇರೆಯವರ ಹತ್ತಿರವೂ ಇರುತ್ತದೆ. ಕೈಬರಹದ ಲೇಬಲ್ ಇರುವುದನ್ನು ಮೊದಲು ತೆಗೆಯಿರಿ. ನಿಮ್ಮ ಅಜ್ಜನೋ ಆಫೀಸಿನ ರೈಟರೋ ತಮ್ಮ ಕೈಯಾರೆ ಆಟೋಎಕ್ಸೆಕ್ ಬರೆದು, ಆನ್ ಮಾಡಿದ ಕೂಡಲೇ ಚೆಕ್‌ರೋಲ್ ಬರುವ ಹಾಗೆ ಮಾಡಿಕೊಂಡ ಬೂಟ್ ಡಿಸ್ಕ್ ಅದರಲ್ಲಿ ಇರಬಹುದು. ಅಂಥದ್ದು ಬೇರೆಲ್ಲೂ ಸಿಗುವುದಿಲ್ಲ. ಲೇಬಲ್‌ನ ಫೋಟೋ ತೆಗೆದು, ಇಮೇಜ್ ಫೈಲಿಗೂ ಅದೇ ಹೆಸರು ಕೊಡಿ. ಇಮೇಜನ್ನು ಎರಡು ಕಡೆ ಇಡಿ, ಒಂದು ಪ್ರತಿ ಮನೆಯ ಹೊರಗಿರಲಿ. ಮೂಲ ಡಿಸ್ಕನ್ನು ಎಸೆಯಬೇಡಿ. ಇವತ್ತು ಓದಲಾಗದ ಸೆಕ್ಟರ್ ಇನ್ನೊಂದು ಡ್ರೈವಿನಲ್ಲಿ ಓದಲು ಸಿಗುವುದುಂಟು.